ಔಷಧ ಪೂರೈಕೆ ವ್ಯವಸ್ಥೆಯ ಕಾರ್ಯಕ್ಷಮತೆಯ ಮಾಪನ

ಸರ್ಕಾರಿ ಆಸ್ಪತ್ರೆಗೆ ಬಂದ ರೋಗಿಗೆ ಬೇಕಾದ ಔಷಧ, ಬೇಕಾದ ಹೊತ್ತಿಗೆ, ಬೇಕಾದಷ್ಟು, ನಂಬಬಹುದಾದ ಗುಣಮಟ್ಟದಲ್ಲಿ ಸಿಗುತ್ತಿದೆಯೇ ಎಂಬುದನ್ನು ಲೆಕ್ಕ ಹಿಡಿದು ಪರೀಕ್ಷಿಸುವ ವಿಧಾನಗಳಿಗೆ ಒಟ್ಟಾಗಿ ಔಷಧ ಪೂರೈಕೆ ವ್ಯವಸ್ಥೆಯ ಕಾರ್ಯಕ್ಷಮತೆಯ ಮಾಪನ ಎಂದು ಹೆಸರು. ಆಯ್ಕೆ, ಖರೀದಿ, ಸಂಗ್ರಹ, ಸಾಗಣೆ, ವಿತರಣೆ, ಬಳಕೆ ಎಂಬ ಹಂತಗಳಲ್ಲಿ ಎಲ್ಲಿ ಕೆಲಸ ಸಾಗುತ್ತಿದೆ, ಎಲ್ಲಿ ನಿಂತಿದೆ ಎಂದು ತಿಳಿಯುವುದು ಇದರ ಉದ್ದೇಶ. ಹಣ, ಸಿಬ್ಬಂದಿ, ಪ್ರಯೋಗಾಲಯ, ಶೈತ್ಯ ಸೌಲಭ್ಯ ಎಲ್ಲವೂ ಬಿಗಿಯಾಗಿರುವ ಕಡೆ ಇಂಥ ಮಾಪನ ಹೆಚ್ಚು ಅಗತ್ಯ. ಆದರೆ ಅಳೆಯುವ ಕೆಲಸಕ್ಕೂ ಅದೇ ಹಣ, ಅದೇ ಸಿಬ್ಬಂದಿ ಬೇಕಾಗುವುದರಿಂದ ಅದು ಅಲ್ಲಿಯೇ ಹೆಚ್ಚು ಕಷ್ಟ. ಈ ಲೇಖನ ವಿಷಯವನ್ನು ಹಾವೇರಿ ಜಿಲ್ಲೆಯ, ಅದರಲ್ಲೂ ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯಂಥ ಊರುಗಳ ಪ್ರಾಥಮಿಕ ಆರೋಗ್ಯ ಸೇವೆಯನ್ನು ಮುಂದಿಟ್ಟುಕೊಂಡು ಪರಿಚಯಿಸುತ್ತದೆ.

ಹಿನ್ನೆಲೆ

ಇರುವ ಹಣದಲ್ಲಿ ಎಲ್ಲ ಔಷಧಗಳನ್ನೂ ಕೊಳ್ಳಲಾಗದು. ಹೆಚ್ಚಿನ ಜನರ ಹೆಚ್ಚಿನ ಕಾಯಿಲೆಗಳಿಗೆ ಬೇಕಾದವನ್ನು ಮೊದಲು ಆರಿಸಬೇಕು ಎಂಬ ವಿಚಾರ 1970ರ ದಶಕದಲ್ಲಿ ಗಟ್ಟಿಯಾಯಿತು. ಭಾರತದಲ್ಲಿ ಔಷಧ ಕ್ಷೇತ್ರವನ್ನು ಪರಿಶೀಲಿಸಿದ ಹಾಥಿ ಸಮಿತಿ 1975ರಲ್ಲಿ ವರದಿ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಅಗತ್ಯ ಔಷಧಗಳ ಮೊದಲ ಮಾದರಿ ಪಟ್ಟಿ ಪ್ರಕಟಿಸಿತು. ಭಾರತದ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿ 1996ರಲ್ಲಿ ಬಂದು, 2003, 2011, 2015 ಮತ್ತು 2022ರಲ್ಲಿ ಪರಿಷ್ಕರಣೆಗೊಂಡಿತು. 2022ರ ಪಟ್ಟಿಯಲ್ಲಿ 384 ಔಷಧಗಳಿವೆ.

ಪಟ್ಟಿ ಇದ್ದ ಮಾತ್ರಕ್ಕೆ ಔಷಧ ಸಿಗುವುದಿಲ್ಲ ಎಂಬುದು ಬೇಗ ತಿಳಿಯಿತು. 1989ರಲ್ಲಿ ಹುಟ್ಟಿದ, ಔಷಧಗಳ ವಿವೇಚನಾಯುತ ಬಳಕೆಗಾಗಿ ದುಡಿಯುವ ಅಂತರರಾಷ್ಟ್ರೀಯ ಜಾಲವು ವಿಶ್ವ ಆರೋಗ್ಯ ಸಂಸ್ಥೆಯೊಡನೆ ಸೇರಿ 1993ರಲ್ಲಿ ಹನ್ನೆರಡು ಮೂಲ ಸೂಚಕಗಳನ್ನು ರೂಪಿಸಿತು. ಒಂದು ಚೀಟಿಯಲ್ಲಿ ಸರಾಸರಿ ಎಷ್ಟು ಔಷಧ ಬರೆಯಲಾಗಿದೆ, ಬರೆದವುಗಳಲ್ಲಿ ಎಷ್ಟು ನಿಜಕ್ಕೂ ಕೊಡಲಾಗಿದೆ, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ಗೊತ್ತಿದೆಯೇ ಎಂಬಂಥ ಸರಳ ಪ್ರಶ್ನೆಗಳು ಅವು. ಮ್ಯಾನೇಜ್‌ಮೆಂಟ್ ಸೈನ್ಸಸ್ ಫಾರ್ ಹೆಲ್ತ್ ಎಂಬ ಸಂಸ್ಥೆ 1990ರ ದಶಕದ ನಡುವಿನಲ್ಲಿ ಇಡೀ ಪೂರೈಕೆ ಸರಪಳಿಯನ್ನು ಬೇಗ ಪರಿಶೀಲಿಸುವ ಸೂಚಕಗಳ ಕೈಪಿಡಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಹೆಲ್ತ್ ಆ್ಯಕ್ಷನ್ ಇಂಟರ್‌ನ್ಯಾಷನಲ್ 2003ರಲ್ಲಿ ಬೆಲೆ ಮತ್ತು ಲಭ್ಯತೆಯನ್ನು ಅಳೆಯುವ ಒಂದೇ ಮಾದರಿಯ ವಿಧಾನವನ್ನು ಜಾರಿಗೆ ತಂದವು. ಹಲವು ದೇಶಗಳನ್ನು ಒಂದೇ ಕೋಲಿನಿಂದ ಅಳೆಯಲು ಇದರಿಂದ ಸಾಧ್ಯವಾಯಿತು.

ಈ ವಿಧಾನದ ಸಮೀಕ್ಷೆ 2004ರ ಅಕ್ಟೋಬರ್‌ನಿಂದ 2005ರ ಜನವರಿವರೆಗೆ ಭಾರತದ ಆರು ಕಡೆ ನಡೆಯಿತು, ಕರ್ನಾಟಕವೂ ಅದರಲ್ಲಿತ್ತು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಅಂಕಿಗಳು ಒಂದಕ್ಕೊಂದು ಎದುರಾಗಿ ನಿಂತವು. ಸರ್ಕಾರಗಳು ಔಷಧ ಕೊಳ್ಳುತ್ತಿದ್ದ ಬೆಲೆ ಅಂತರರಾಷ್ಟ್ರೀಯ ಮಾನಕ ಬೆಲೆಯ 0.27ರಿಂದ 0.48 ಪಟ್ಟು ಮಾತ್ರ, ಅಂದರೆ ಅರ್ಧಕ್ಕೂ ಕಡಿಮೆ. ಖರೀದಿಯನ್ನಷ್ಟೇ ನೋಡಿದರೆ ಇದು ಮೊದಲ ದರ್ಜೆಯ ಸಾಧನೆ. ಅದೇ ಸಮಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಔಷಧಗಳ ಮಧ್ಯಾಂಕ ಲಭ್ಯತೆ ಶೇ 0ರಿಂದ ಶೇ 30. ಅಗ್ಗವಾಗಿ ಕೊಂಡದ್ದು ನಿಜ, ರೋಗಿಗೆ ಸಿಗದೆ ಹೋದದ್ದೂ ನಿಜ. ಸರಪಳಿಯ ಒಂದು ಕೊಂಡಿಯನ್ನು ಅಳೆದು ಇಡೀ ಸರಪಳಿಯ ಬಗ್ಗೆ ತೀರ್ಪು ಕೊಡಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕರ್ನಾಟಕದ ವ್ಯವಸ್ಥೆ

ಮೊದಲು ರಾಜ್ಯದ ಆಸ್ಪತ್ರೆಗಳಿಗೆ ಔಷಧ ಬರುತ್ತಿದ್ದದ್ದು ಬೆಂಗಳೂರಿನ ಸರ್ಕಾರಿ ವೈದ್ಯಕೀಯ ಉಗ್ರಾಣದ ಮೂಲಕ. ನೆರೆಯ ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಕಟ್ಟಿ ಬೇರೆ ದಾರಿ ಹಿಡಿದಿತ್ತು: ಖರೀದಿ ಒಂದೆಡೆ, ಜಿಲ್ಲೆಗಳಲ್ಲಿ ಉಗ್ರಾಣಗಳು, ಪ್ರತಿ ಆಸ್ಪತ್ರೆಗೂ ಅದರ ಅನುದಾನ ಬರೆದಿಟ್ಟ ಪಾಸ್‌ಬುಕ್. ಆಸ್ಪತ್ರೆ ತನಗೆ ಬೇಕಾದ್ದನ್ನು ಕೇಳಿ ಪಡೆಯುತ್ತದೆ, ಪಾಸ್‌ಬುಕ್ಕಿನಿಂದ ಹಣ ಇಳಿಯುತ್ತದೆ. ಮೇಲಿನಿಂದ ತಳ್ಳುವ ಪದ್ಧತಿ ಹೋಗಿ ಕೆಳಗಿನಿಂದ ಎಳೆಯುವ ಪದ್ಧತಿ ಬಂತು. ಕೇರಳ, ರಾಜಸ್ಥಾನ ಮುಂತಾದ ರಾಜ್ಯಗಳೂ ಮುಂದೆ ಇಂಥ ನಿಗಮಗಳನ್ನು ಮಾಡಿಕೊಂಡವು.

ಕರ್ನಾಟಕದಲ್ಲಿ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 1999ರ ಕೊನೆಯಲ್ಲಿ ನೇಮಕವಾಗಿ 2001ರಲ್ಲಿ ಅಂತಿಮ ವರದಿ ಸಲ್ಲಿಸಿತು. ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಇವು ಆ ವರದಿಯ ಮೂರು ಮುಖ್ಯ ಮಾತುಗಳು. ಅದೇ ದಶಕದ ಆರಂಭದಲ್ಲಿ ಕರ್ನಾಟಕ ರಾಜ್ಯ ಡ್ರಗ್ಸ್ ಲಾಜಿಸ್ಟಿಕ್ಸ್ ಆ್ಯಂಡ್ ವೇರ್‌ಹೌಸಿಂಗ್ ಸೊಸೈಟಿ ರಚನೆಯಾಯಿತು. ಕೋವಿಡ್ ನಂತರದ ವರ್ಷಗಳಲ್ಲಿ ಖರೀದಿಯ ಹೊಣೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ನಿಯಮಿತದ ಕೈಗೆ ಬಂತು. ಟೆಂಡರುಗಳು 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ಸ್ಥೂಲವಾಗಿ ಹೇಳಿದರೆ ಕ್ರಮ ಹೀಗಿದೆ: ಆಸ್ಪತ್ರೆಗಳು ವರ್ಷದ ಬೇಡಿಕೆ ಕಳಿಸುತ್ತವೆ, ರಾಜ್ಯಮಟ್ಟದಲ್ಲಿ ಅದನ್ನು ಒಟ್ಟುಗೂಡಿಸಿ ಟೆಂಡರ್ ಕರೆಯಲಾಗುತ್ತದೆ, ಸರಕು ಜಿಲ್ಲಾ ಉಗ್ರಾಣ ತಲುಪುತ್ತದೆ, ಗುಣಮಟ್ಟದ ವರದಿ ಬಂದ ಮೇಲೆ ವಿತರಣೆಗೆ ಬಿಡುಗಡೆಯಾಗುತ್ತದೆ, ಆರೋಗ್ಯ ಕೇಂದ್ರಗಳು ಇಂಡೆಂಟ್ (ಬೇಡಿಕೆ ಪತ್ರ) ಹಾಕಿ ಪಡೆಯುತ್ತವೆ.

ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಅಭಿಯಾನ 2015ರಲ್ಲಿ ಉಚಿತ ಔಷಧ ಸೇವೆಯ ಮಾರ್ಗಸೂಚಿ ಹೊರಡಿಸಿತು. ಆಯುಷ್ಮಾನ್ ಆರೋಗ್ಯ ಮಂದಿರಗಳ (ಹಿಂದಿನ ಕ್ಷೇಮ ಕೇಂದ್ರಗಳ) ಮಾನದಂಡದ ಪ್ರಕಾರ ಉಪಕೇಂದ್ರ ಮಟ್ಟದಲ್ಲಿ 105, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 172 ಔಷಧಗಳು ಇರಬೇಕು. ಮಾಪನದ ಮೊದಲ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ: ಪಟ್ಟಿಯಲ್ಲಿ 172 ಇದೆ, ಕಪಾಟಿನಲ್ಲಿ ಎಷ್ಟಿದೆ?

ಹಾವೇರಿ ಜಿಲ್ಲೆಯ ಸಂದರ್ಭ

ಹಾವೇರಿ 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜನಸಂಖ್ಯೆ 15,97,668. ಮುಕ್ಕಾಲಿಗಿಂತ ಹೆಚ್ಚು ಜನ ಹಳ್ಳಿಗಳವರು. ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಹಾದುಹೋಗುತ್ತದೆ, ರಾಷ್ಟ್ರೀಯ ಹೆದ್ದಾರಿಯೂ ಇದೆ. ಆಫ್ರಿಕಾದ ಹಲವು ದೇಶಗಳ ಔಷಧ ಪೂರೈಕೆಯ ಕುರಿತ ಅಧ್ಯಯನಗಳು ರಸ್ತೆಯಿಲ್ಲದ, ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡಿವೆ. ಹಲಗೇರಿಯ ಸಮಸ್ಯೆ ಅದಲ್ಲ. ಇಲ್ಲಿ ಲಾರಿ ಬರಬಲ್ಲದು. ರಾಣೇಬೆನ್ನೂರಿನ ಖಾಸಗಿ ಮೆಡಿಕಲ್ ಶಾಪುಗಳಿಗೆ ದಿನವೂ ಮಾಲು ಬರುತ್ತದೆ. ಸರ್ಕಾರಿ ಕಪಾಟು ಖಾಲಿಯಾದರೆ ಕಾರಣವನ್ನು ರಸ್ತೆಯಲ್ಲಲ್ಲ, ಬೇಡಿಕೆಯ ಅಂದಾಜು, ಟೆಂಡರಿನ ಕಾಲ, ಹಣ ಬಿಡುಗಡೆ, ಗುಣಮಟ್ಟದ ವರದಿ, ಸಿಬ್ಬಂದಿಯ ಕೊರತೆ ಇವುಗಳಲ್ಲಿ ಹುಡುಕಬೇಕು. ಆದ್ದರಿಂದ ಕಿಲೋಮೀಟರು ಅಳೆಯುವ ಸೂಚಕಗಳಿಗಿಂತ ದಿನಗಳನ್ನು ಅಳೆಯುವ ಸೂಚಕಗಳು ಇಲ್ಲಿ ಹೆಚ್ಚು ಉಪಯುಕ್ತ.

ಯಾವ ಔಷಧಗಳನ್ನು ಅಳೆಯಬೇಕು ಎಂಬುದೂ ಊರಿಗೆ ತಕ್ಕಂತೆ ಬದಲಾಗುತ್ತದೆ. ಎಲ್ಲ 172 ಔಷಧಗಳನ್ನೂ ಪ್ರತಿ ತಿಂಗಳು ಎಣಿಸುವುದು ಆಗದ ಮಾತು. ಅದಕ್ಕಾಗಿ ಹದಿನೈದು ಇಪ್ಪತ್ತು ಔಷಧಗಳ ಒಂದು ಸೂಚಕ ಬುಟ್ಟಿಯನ್ನು ಆರಿಸಿಕೊಳ್ಳುತ್ತಾರೆ. ಪ್ಯಾರಾಸಿಟಮಾಲ್, ಓಆರ್‌ಎಸ್, ಜಿಂಕ್, ಅಮಾಕ್ಸಿಸಿಲಿನ್, ಕಬ್ಬಿಣಾಂಶದ ಗುಳಿಗೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೆ ಆ್ಯಮ್ಲೋಡಿಪಿನ್, ಹೆರಿಗೆಗೆ ಆಕ್ಸಿಟೋಸಿನ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಎಲ್ಲ ಕಡೆಯೂ ಇರುತ್ತವೆ. ಹತ್ತಿ, ಗೋವಿನಜೋಳ ಬೆಳೆಯುವ, ಕೀಟನಾಶಕ ಸಿಂಪಡಿಸುವ ನಾಡಿನಲ್ಲಿ ವಿಷಪ್ರಾಶನಕ್ಕೆ ಬೇಕಾದ ಅಟ್ರೋಪಿನ್, ಹೊಲದಲ್ಲಿ ಹಾವು ಕಚ್ಚಿದವರಿಗೆ ಪ್ರತಿವಿಷ, ನಾಯಿ ಕಡಿತದ ಲಸಿಕೆ ಸೇರಲೇಬೇಕು. ಬ್ಯಾಡಗಿಯ ಮೆಣಸಿನಕಾಯಿ ಘಾಟಿನಲ್ಲಿ ದುಡಿಯುವವರಿಗಾಗಿ ಉಸಿರಾಟದ ಔಷಧಗಳನ್ನೂ ಸೇರಿಸುವುದು ವಿವೇಕ.

ಮುಖ್ಯ ಅಳತೆಗೋಲುಗಳು

ಲಭ್ಯತೆ. ಪರಿಶೀಲನೆಯ ದಿನ ಬುಟ್ಟಿಯ ಎಷ್ಟು ಔಷಧಗಳು ಕೇಂದ್ರದಲ್ಲಿವೆ ಎಂಬ ಶೇಕಡಾವಾರು ಇದು. ಸರಳವಾದದ್ದು, ಎಲ್ಲೆಡೆ ಬಳಕೆಯಲ್ಲಿರುವುದು. ಸಾಂಕ್ರಾಮಿಕವಲ್ಲದ ಕಾಯಿಲೆಗಳ ಅಗತ್ಯ ಔಷಧಗಳ ಲಭ್ಯತೆ 2025ರೊಳಗೆ ಶೇ 80ಕ್ಕೆ ಮುಟ್ಟಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಕ್ರಿಯಾಯೋಜನೆಯಲ್ಲಿ ಗುರಿ ಇಟ್ಟಿತ್ತು. ಆದರೆ ‘ಇದೆ’ ಎನ್ನಲು ಎಷ್ಟು ಇರಬೇಕು ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಈ ಅಂಕಿ ಮೋಸ ಮಾಡುತ್ತದೆ. ಹಾವಿನ ವಿಷ ಮೈಗೇರಿದವರಿಗೆ ಆರಂಭದಲ್ಲೇ 8ರಿಂದ 10 ವಯಲ್ ಪ್ರತಿವಿಷ ಕೊಡಬೇಕಾಗುತ್ತದೆ. ಕೇಂದ್ರದಲ್ಲಿ ಎರಡು ವಯಲ್ ಇದ್ದರೆ ವರದಿಯಲ್ಲಿ ‘ಲಭ್ಯ’ ಎಂದೇ ಬರುತ್ತದೆ, ರೋಗಿಯನ್ನು ಮಾತ್ರ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕಾಗುತ್ತದೆ. ಹೀಗಾಗಿ ಜೀವ ಉಳಿಸುವ ಔಷಧಗಳಿಗೆ ಒಬ್ಬ ರೋಗಿಯ ಪೂರ್ಣ ಚಿಕಿತ್ಸೆಗೆ ಸಾಲುವಷ್ಟು ಇದ್ದರೆ ಮಾತ್ರ ‘ಇದೆ’ ಎಂದು ಬರೆಯುವ ನಿಯಮ ಬೇಕು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚಿದೆ ಎಂಬ ಲೆಕ್ಕ ಕೈಗೆ ಬಂದರೆ ಪ್ರತಿವಿಷವನ್ನು ಎಲ್ಲಿ ಎಷ್ಟು ಇಡಬೇಕೆಂಬ ಅಂದಾಜೂ ಸುಲಭವಾಗುತ್ತದೆ.

ಖಾಲಿ ಇದ್ದ ದಿನಗಳು. ಕಳೆದ ಆರು ಅಥವಾ ಹನ್ನೆರಡು ತಿಂಗಳಲ್ಲಿ ಒಂದು ಔಷಧ ಎಷ್ಟು ದಿನ ಶೂನ್ಯದಲ್ಲಿತ್ತು ಎಂದು ಸ್ಟಾಕ್ ರಿಜಿಸ್ಟರಿನಿಂದ ಲೆಕ್ಕ ಹಾಕಲಾಗುತ್ತದೆ. ಪರಿಶೀಲನೆಗೆ ಬರುತ್ತಾರೆಂದು ತಿಳಿದ ದಿನ ಕಪಾಟು ತುಂಬಿಸಿಡಬಹುದು, ಹಿಂದಿನ ಆರು ತಿಂಗಳನ್ನು ತುಂಬಿಸಲಾಗದು. ರಿಜಿಸ್ಟರ್ ನಂಬಿಕೆಗೆ ಅರ್ಹವಾಗಿದ್ದರೆ ಲಭ್ಯತೆಗಿಂತ ಇದು ಹೆಚ್ಚು ಸತ್ಯ ಹೇಳುತ್ತದೆ.

ದಾಸ್ತಾನಿನ ತಿಂಗಳುಗಳು. ಕೈಯಲ್ಲಿರುವ ಸರಕನ್ನು ತಿಂಗಳ ಸರಾಸರಿ ಬಳಕೆಯಿಂದ ಭಾಗಿಸಿದರೆ ಎಷ್ಟು ತಿಂಗಳಿಗೆ ಸಾಲುತ್ತದೆ ಎಂದು ತಿಳಿಯುತ್ತದೆ. ಕನಿಷ್ಠ ಮಿತಿಗಿಂತ ಇಳಿದರೆ ಇಂಡೆಂಟ್ ಹಾಕಬೇಕು. ಗರಿಷ್ಠ ಮಿತಿ ದಾಟಿದರೆ ಬೇರೆ ಕೇಂದ್ರಕ್ಕೆ ವರ್ಗಾಯಿಸಬೇಕು. ಈ ಅಂಕಿಯನ್ನು ಜಿಲ್ಲೆಯ ಸರಾಸರಿಯಾಗಿ ನೋಡಿದರೆ ಪ್ರಯೋಜನವಿಲ್ಲ. ಒಂದು ಕೇಂದ್ರದಲ್ಲಿ ಎಂಟು ತಿಂಗಳ ಸರಕು, ಇನ್ನೊಂದರಲ್ಲಿ ಶೂನ್ಯ ಇದ್ದರೆ ಸರಾಸರಿ ನಾಲ್ಕು ತಿಂಗಳು ಎಂದು ಬಂದು ಎಲ್ಲ ಸರಿಯಿದೆ ಎನಿಸುತ್ತದೆ.

ಪೂರೈಕೆಯ ಪ್ರಮಾಣ ಮತ್ತು ಕಾಲ. ಇಂಡೆಂಟಿನಲ್ಲಿ ಕೇಳಿದ್ದರಲ್ಲಿ ಎಷ್ಟು ಬಂತು, ಕೇಳಿದ ದಿನದಿಂದ ಬಂದ ದಿನಕ್ಕೆ ಎಷ್ಟು ಅಂತರ ಎಂಬ ಎರಡು ಅಳತೆಗಳಿವು. ಕಾಲದ ಸರಾಸರಿಗಿಂತ ಅದರ ಏರಿಳಿತ ಮುಖ್ಯ. ಸದಾ ನಲವತ್ತು ದಿನ ಹಿಡಿದರೆ ಅದಕ್ಕೆ ತಕ್ಕಂತೆ ಸಿದ್ಧತೆ ಮಾಡಿಕೊಳ್ಳಬಹುದು. ಒಮ್ಮೆ ಹತ್ತು ದಿನ, ಒಮ್ಮೆ ತೊಂಬತ್ತು ದಿನ ಆದರೆ ಎಂಥ ಫಾರ್ಮಸಿ ಅಧಿಕಾರಿಯೂ ಕೈಚೆಲ್ಲುತ್ತಾರೆ.

ದಾಖಲೆಯ ನಿಖರತೆ. ಒಂದೇ ಔಷಧಕ್ಕೆ ಕಪಾಟು, ರಿಜಿಸ್ಟರ್, ಕಂಪ್ಯೂಟರ್ ಮೂರು ಅಂಕಿ ಹೇಳುವುದು ಅಪರೂಪವಲ್ಲ. ಉಗ್ರಾಣದಿಂದ ಹೊರಟ ಸರಕು ಕಂಪ್ಯೂಟರಿನಲ್ಲಿ ಕೇಂದ್ರದ ಲೆಕ್ಕಕ್ಕೆ ಸೇರಿರುತ್ತದೆ, ಪೆಟ್ಟಿಗೆ ಇನ್ನೂ ಬಂದಿರುವುದಿಲ್ಲ. ಉಪಕೇಂದ್ರಕ್ಕೆ, ಆಶಾ ಕಾರ್ಯಕರ್ತೆಯ ಕಿಟ್‌ಗೆ ಕೊಟ್ಟದ್ದು ರಿಜಿಸ್ಟರಿನಲ್ಲಿ ಇಳಿದಿರುತ್ತದೆ, ಕಂಪ್ಯೂಟರಿನಲ್ಲಿ ಇಳಿದಿರುವುದಿಲ್ಲ. ಇವು ತಾಳೆಯಾಗದ ಕಡೆ ಉಳಿದ ಯಾವ ಸೂಚಕವನ್ನೂ ನಂಬಲಾಗದು. ಹೀಗಾಗಿ ಯಾವುದೇ ಪರಿಶೀಲನೆಯಲ್ಲಿ ಐದಾರು ಔಷಧಗಳನ್ನು ಕೈಯಾರೆ ಎಣಿಸುವುದರಿಂದಲೇ ಆರಂಭಿಸಬೇಕು.

ಅವಧಿ ಮೀರಿದ ಸರಕು. ಒಟ್ಟು ಮೌಲ್ಯದಲ್ಲಿ ಎಷ್ಟು ಭಾಗ ಎಕ್ಸ್‌ಪೈರಿ ಆಗಿ ಹಾಳಾಯಿತು ಎಂಬ ಲೆಕ್ಕ. ಲೆಕ್ಕ ಪರಿಶೋಧಕರ ಕಣ್ಣು ಮೊದಲು ಬೀಳುವುದು ಇದರ ಮೇಲೆ. ಅದರ ಭಯಕ್ಕೆ ಉಗ್ರಾಣಗಳು ಎರಡು ಮೂರು ತಿಂಗಳ ಆಯುಷ್ಯ ಉಳಿದ ಔಷಧಗಳನ್ನು ಕೇಳದಿದ್ದರೂ ಕೆಳಗಿನ ಕೇಂದ್ರಗಳಿಗೆ ದಾಟಿಸಬಹುದು. ಆಗ ಉಗ್ರಾಣದ ಅಂಕಿ ಚೊಕ್ಕಟವಾಗುತ್ತದೆ, ನಷ್ಟ ಹಳ್ಳಿಯ ಕಪಾಟಿಗೆ ವರ್ಗವಾಗುತ್ತದೆ. ಸರಕು ಕೇಂದ್ರಕ್ಕೆ ಬಂದಾಗ ಉಳಿದಿದ್ದ ಆಯುಷ್ಯವನ್ನೂ ಜೊತೆಗೆ ಬರೆದರೆ ಈ ಆಟ ಬಯಲಾಗುತ್ತದೆ.

ಮೌಲ್ಯ ಮತ್ತು ಮಹತ್ವ. ಹಣದ ಲೆಕ್ಕದಲ್ಲಿ ದೊಡ್ಡವು, ನಡುವಿನವು, ಚಿಕ್ಕವು ಎಂದು ಔಷಧಗಳನ್ನು ವಿಂಗಡಿಸುವುದು ಒಂದು ಕ್ರಮ; ಜೀವ ಉಳಿಸುವವು, ಅಗತ್ಯದವು, ಇದ್ದರೆ ಒಳ್ಳೆಯದು ಎನ್ನುವವು ಎಂದು ವಿಂಗಡಿಸುವುದು ಇನ್ನೊಂದು. ಎರಡನ್ನೂ ಸೇರಿಸಿ ನೋಡಬೇಕು. ಅಟ್ರೋಪಿನ್ ಚುಚ್ಚುಮದ್ದು ಹಣದ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ, ವಿಷ ಕುಡಿದವರು ಬಂದ ರಾತ್ರಿ ಅದೇ ಮೊದಲು.

ಕೊರತೆ ಲೆಕ್ಕದಲ್ಲಿ ಮರೆಯಾಗುವ ಬಗೆ

ಬೇಡಿಕೆಯನ್ನು ಅಂದಾಜು ಮಾಡುವ ಸಾಮಾನ್ಯ ರೂಢಿ ಹಿಂದಿನ ಬಳಕೆಯನ್ನು ನೋಡುವುದು. ಇದರಲ್ಲಿ ಅಡಗಿರುವ ದೋಷವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜನವರಿಯಿಂದ ಜೂನ್‌ವರೆಗೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಗುಳಿಗೆಗಳ ವಿತರಣೆ ಹೀಗಿದೆ ಎಂದುಕೊಳ್ಳಿ: 3,100, 2,900, 3,200, 2,800, 0, 0. ಮೇ, ಜೂನ್‌ನಲ್ಲಿ ಗುಳಿಗೆ ಇರಲಿಲ್ಲ. ಒಟ್ಟು 12,000. ಅದನ್ನು ಆರರಿಂದ ಭಾಗಿಸಿದರೆ ತಿಂಗಳಿಗೆ 2,000. ಗುಳಿಗೆ ಇದ್ದ ನಾಲ್ಕು ತಿಂಗಳಿಂದ ಭಾಗಿಸಿದರೆ 3,000. ನಿಜವಾದ ಬೇಡಿಕೆ ಎರಡನೆಯದು.

ದಿನಕ್ಕೆ ಎರಡು ಗುಳಿಗೆ ತೆಗೆದುಕೊಳ್ಳುವ ರೋಗಿಗೆ ತಿಂಗಳಿಗೆ 60 ಬೇಕು. 3,000 ಎಂದರೆ 50 ರೋಗಿಗಳು. ಮೊದಲ ಲೆಕ್ಕ ಹಿಡಿದು 2,000ದಂತೆ ಮೂರು ತಿಂಗಳಿಗೆ 6,000 ಇಂಡೆಂಟ್ ಹಾಕಿದರೆ, ಉಗ್ರಾಣ ಕೇಳಿದ್ದನ್ನೆಲ್ಲ ಕೊಟ್ಟರೂ, ಆ ಸರಕು ಎರಡೇ ತಿಂಗಳಲ್ಲಿ ಮುಗಿಯುತ್ತದೆ. ಮೂರನೆಯ ತಿಂಗಳು ಶೂನ್ಯ. ಮುಂದಿನ ತ್ರೈಮಾಸಿಕದಲ್ಲಿ ‘ಕಳೆದ ಮೂರು ತಿಂಗಳ ಬಳಕೆ 6,000’ ಎಂದು ಮತ್ತೆ ಅದೇ ಇಂಡೆಂಟ್ ಹೋಗುತ್ತದೆ. ಈ ಕೇಂದ್ರದ ವರದಿ ಹೀಗಿರುತ್ತದೆ: ಇಂಡೆಂಟ್ ಪೂರೈಕೆ ಶೇ 100, ಅವಧಿ ಮೀರಿದ್ದು ಶೂನ್ಯ, ಹೆಚ್ಚುವರಿ ದಾಸ್ತಾನು ಇಲ್ಲ. ವರ್ಷದ ಮೂರನೇ ಒಂದು ಭಾಗ ಸಕ್ಕರೆ ಕಾಯಿಲೆಯವರಿಗೆ ಗುಳಿಗೆ ಇಲ್ಲ ಎಂಬುದನ್ನು ಹೇಳುವ ಸೂಚಕ ಒಂದೇ, ಖಾಲಿ ಇದ್ದ ದಿನಗಳು. ಅದನ್ನೇ ಅಳೆಯದಿದ್ದರೆ ಕೊರತೆ ವರ್ಷವರ್ಷವೂ ಹಾಗೇ ಮುಂದುವರಿಯುತ್ತದೆ, ಕಾಗದದ ಮೇಲೆ ಎಲ್ಲರೂ ತಮ್ಮ ಕೆಲಸ ಮಾಡಿರುತ್ತಾರೆ.

ಕೊರತೆ ಮರೆಯಾಗಲು ಇನ್ನೂ ಎರಡು ದಾರಿಗಳಿವೆ. ಎರಡು ಮೂರು ಸಲ ಬರಿಗೈಯಲ್ಲಿ ಮರಳಿದ ರೋಗಿ ನಾಲ್ಕನೆಯ ಸಲ ಬರುವುದಿಲ್ಲ. ಮೆಡಿಕಲ್ ಶಾಪಿಗೆ ಹೋಗುತ್ತಾರೆ, ಇಲ್ಲವೇ ಗುಳಿಗೆ ಬಿಡುತ್ತಾರೆ. ಆಗ ಕೇಂದ್ರದ ಬೇಡಿಕೆಯೇ ಕುಗ್ಗಿದಂತೆ ಕಾಣುತ್ತದೆ. ಎರಡನೆಯದು, ಕೊರತೆಯ ಸಮಯದಲ್ಲಿ ಕೇಂದ್ರದವರು ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಕೊಳ್ಳುತ್ತಾರೆ. ರೋಗಿಯ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಆ ಖರೀದಿ ಬೇರೆ ಪುಸ್ತಕದಲ್ಲಿ ಉಳಿದುಬಿಟ್ಟರೆ ಮುಂದಿನ ವರ್ಷದ ಬೇಡಿಕೆಗೆ ಅದು ಸೇರುವುದೇ ಇಲ್ಲ. ಸ್ಥಳೀಯ ಖರೀದಿಯ ಮೊತ್ತವನ್ನು ಮುಖ್ಯ ಪೂರೈಕೆಯ ವೈಫಲ್ಯದ ಸೂಚಕವಾಗಿಯೂ ಓದಬೇಕು.

ಬೇಡಿಕೆ ಹಠಾತ್ತನೆ ಏರುವ ಸಂದರ್ಭಗಳಲ್ಲಿ ಹಳೆಯ ಬಳಕೆಯ ಲೆಕ್ಕ ಇನ್ನಷ್ಟು ಕೈಕೊಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಿಗೆ ಹೋಗಿ ಬಿಪಿ, ಶುಗರ್ ತಪಾಸಣೆ ಮಾಡಿ ಔಷಧ ಕೊಡುವ ಉದ್ದೇಶದ್ದು. ಹೊಸದಾಗಿ ಪತ್ತೆಯಾದ ಪ್ರತಿ ರೋಗಿಗೂ ಜೀವನಪೂರ್ತಿ ಗುಳಿಗೆ ಬೇಕು. ಇಂಥ ಕಡೆ ಬಳಕೆಯ ಬದಲು ರೋಗಿಗಳ ಸಂಖ್ಯೆಯಿಂದ ಬೇಡಿಕೆ ಲೆಕ್ಕ ಹಾಕುವ ವಿಧಾನವೇ ಸರಿ.

ಗುಣಮಟ್ಟದ ಮಾಪನ

ಪರೀಕ್ಷಿಸಿದ ಮಾದರಿಗಳಲ್ಲಿ ಎಷ್ಟು ಪ್ರಮಾಣಿತ ಗುಣಮಟ್ಟಕ್ಕಿಂತ ಕೆಳಗಿವೆ ಎಂಬುದು ಸಾಮಾನ್ಯ ಸೂಚಕ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆಯ ಅಡಿಯಲ್ಲಿ ಈ ಪರೀಕ್ಷೆ ನಡೆಯುತ್ತದೆ. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿವೆ. ಗುಣಮಟ್ಟ ಮತ್ತು ವೇಗಗಳ ನಡುವೆ ಎಳೆದಾಟ ಇದ್ದೇ ಇದೆ. ಚುಚ್ಚುಮದ್ದು, ಗ್ಲೂಕೋಸ್ ಬಾಟಲಿಯಂಥವುಗಳ ಸೂಕ್ಷ್ಮಜೀವಿರಹಿತತೆಯ ಪರೀಕ್ಷೆಗೆ 14 ದಿನ ಕಾವಿನಲ್ಲಿಡಬೇಕು. ಅದನ್ನು ಅವಸರ ಮಾಡಲಾಗದು. ಪೂರೈಕೆಯ ದಿನಗಳನ್ನು ತಗ್ಗಿಸಿ ಎಂದಷ್ಟೇ ಗುರಿ ಕೊಟ್ಟರೆ ಮೊದಲು ಕತ್ತರಿ ಬೀಳುವುದು ಈ ಕಾಯುವಿಕೆಗೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ದ್ರಾವಣದ ಗುಣಮಟ್ಟದ ಮೇಲೆ ಪ್ರಶ್ನೆ ಎದ್ದಿತು. ಸರ್ಕಾರ ಸಂಬಂಧಪಟ್ಟ ತಯಾರಕರ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಕೆಲವು ಬ್ಯಾಚ್‌ಗಳ ಬಗ್ಗೆ ರಾಜ್ಯದ ಪ್ರಯೋಗಾಲಯ ಮತ್ತು ಕೇಂದ್ರದ ಪ್ರಯೋಗಾಲಯ ಬೇರೆ ಬೇರೆ ವರದಿ ಕೊಟ್ಟಿದ್ದ ಸಂಗತಿಯೂ ಆಗ ಹೊರಬಂತು. ಮಾಪನದ ದೃಷ್ಟಿಯಿಂದ ಈ ಪ್ರಕರಣ ಎರಡು ಸೂಚಕಗಳ ಕೊರತೆಯನ್ನು ತೋರಿಸುತ್ತದೆ. ಒಂದು, ದೋಷದ ಸುದ್ದಿ ಬಂದ ಗಳಿಗೆಯಿಂದ ಕಟ್ಟಕಡೆಯ ಕೇಂದ್ರದ ಕಪಾಟಿನಲ್ಲಿ ಆ ಬ್ಯಾಚ್ ಬಳಕೆ ನಿಲ್ಲುವವರೆಗೆ ಎಷ್ಟು ಗಂಟೆ ಹಿಡಿಯುತ್ತದೆ. ಎರಡು, ಯಾವ ಬ್ಯಾಚ್ ಯಾವ ಕೇಂದ್ರಕ್ಕೆ ಹೋಗಿದೆ ಎಂಬುದನ್ನು ಎಷ್ಟು ಪಾಲು ಸರಕಿನ ಮಟ್ಟಿಗೆ ನಿಖರವಾಗಿ ಹೇಳಬಹುದು. ಬ್ಯಾಚ್ ಸಂಖ್ಯೆ ಬರೆಯದೆ ‘ಆರ್‌ಎಲ್ 200 ಬಾಟಲಿ’ ಎಂದಷ್ಟೇ ಬರೆದ ರಿಜಿಸ್ಟರ್ ಇಂಥ ದಿನ ನಿರುಪಯೋಗಿ.

ಲಸಿಕೆಯ ದಾರಿ

ಅಳತೆಯ ವಿಷಯದಲ್ಲಿ ಲಸಿಕೆಯ ವ್ಯವಸ್ಥೆ ಔಷಧ ವ್ಯವಸ್ಥೆಗಿಂತ ಮುಂದಿದೆ. ಲಸಿಕೆಯನ್ನು ತಂಪಾಗಿಡುವ ಐಎಲ್‌ಆರ್ ಪೆಟ್ಟಿಗೆಯ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇದೆಯೇ ಎಂದು ದಿನಕ್ಕೆರಡು ಸಲ ಬರೆಯುವ ರೂಢಿ ಪ್ರಾಥಮಿಕ ಕೇಂದ್ರಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. 2015ರಿಂದ ದೇಶದಲ್ಲಿ ಹರಡಿದ ಇ-ವಿನ್ ಜಾಲ ಲಸಿಕೆಯ ದಾಸ್ತಾನನ್ನೂ ಉಷ್ಣತೆಯನ್ನೂ ಮೊಬೈಲಿನ ಮೂಲಕ ಮೇಲಕ್ಕೆ ತಿಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ನಿರ್ವಹಣೆಯ ಮೌಲ್ಯಮಾಪನದಲ್ಲಿ ಪ್ರತಿ ಅಂಶದಲ್ಲೂ ಶೇ 80 ಅಂಕ ಬೇಕು. ಒಂದರಲ್ಲಿ ಹೆಚ್ಚು ಗಳಿಸಿ ಇನ್ನೊಂದರ ಕೊರತೆ ತುಂಬಿಸಿಕೊಳ್ಳುವಂತಿಲ್ಲ.

ಲಸಿಕೆಯ ಕಡೆಯೂ ಒಂದು ಎಚ್ಚರ ಬೇಕು. ನಾಯಿ ಕಡಿತದ ಲಸಿಕೆಯನ್ನು ಚರ್ಮದೊಳಗೆ ಕೊಡುವ ಕ್ರಮದಲ್ಲಿ ಒಂದು ಭೇಟಿಗೆ 0.1 ಮಿಲಿಲೀಟರಿನ ಎರಡು ಚುಚ್ಚು, ಒಟ್ಟು 0.2 ಮಿಲಿಲೀಟರ್ ಸಾಕು. 0, 3, 7, 28ನೆಯ ದಿನಗಳ ನಾಲ್ಕು ಭೇಟಿಗೆ 0.8 ಮಿಲಿಲೀಟರ್. ಆದರೆ ತೆರೆದ ವಯಲನ್ನು ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಾವೇರಿಯ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಕಡೆ ಒಂದು ವಯಲ್ ನಾಲ್ಕೈದು ಜನರಿಗೆ ಆದೀತು. ದಿನಕ್ಕೊಬ್ಬರು ಬರುವ ಹಳ್ಳಿಯ ಕೇಂದ್ರದಲ್ಲಿ ಉಳಿದದ್ದು ಪೋಲಾಗಲೇಬೇಕು. ಪೋಲು ತಗ್ಗಿಸಿ ಎಂದು ಚಿಕ್ಕ ಕೇಂದ್ರಕ್ಕೂ ಅದೇ ಗುರಿ ಕೊಟ್ಟರೆ ‘ನಾಳೆ ಬರ್ರಿ, ಇನ್ನೂ ನಾಲ್ಕು ಮಂದಿ ಬರಲಿ’ ಎಂಬ ಉತ್ತರ ಹುಟ್ಟುತ್ತದೆ. ರೇಬೀಸ್ ವಿಷಯದಲ್ಲಿ ಆ ಉತ್ತರ ಅಪಾಯಕಾರಿ.

ರೋಗಿಯ ಕಡೆಯಿಂದ ಅಳೆಯುವುದು

ಉಗ್ರಾಣದಿಂದ ಕೇಂದ್ರದವರೆಗಿನ ಅಳತೆಗಳು ಎಷ್ಟೇ ಚೆನ್ನಾಗಿದ್ದರೂ ರೋಗಿಯ ಕೈಗೆ ಬಂದದ್ದೇ ಕೊನೆಯ ಮಾತು. ವೈದ್ಯರು ಬರೆದ ಔಷಧಗಳಲ್ಲಿ ಎಷ್ಟು ಒಳಗೇ ಸಿಕ್ಕಿತು, ಎಷ್ಟಕ್ಕೆ ಹೊರಗಿನ ಚೀಟಿ ಕೊಟ್ಟರು ಎಂಬ ಸೂಚಕವನ್ನು ಔಷಧ ಕಿಟಕಿಯಿಂದ ಹೊರಬರುವ ಮೂವತ್ತು ಮಂದಿಯನ್ನು ಕೇಳಿಯೇ ಅಳೆಯಬಹುದು. ಸಂಪೂರ್ಣ ಪ್ರಮಾಣ ಸಿಕ್ಕಿತೇ ಎಂಬುದನ್ನೂ ಕೇಳಬೇಕು. ಸರಕು ಕಡಿಮೆಯಿದ್ದಾಗ ತಿಂಗಳಿನ ಬಿಪಿ ಗುಳಿಗೆಯ ಬದಲು ವಾರದ್ದು ಕೊಡುವುದು ಸಹಜ. ಲಭ್ಯತೆಯ ಪಟ್ಟಿಯಲ್ಲಿ ಔಷಧ ಇದ್ದೇ ಇರುತ್ತದೆ. ಆದರೆ ಕೂಲಿಯವರು ತಿಂಗಳಿಗೆ ಒಂದರ ಬದಲು ನಾಲ್ಕು ದಿನದ ದುಡಿಮೆ ಬಿಟ್ಟು ಬರಬೇಕಾಗುತ್ತದೆ.

ಬೆಲೆ ಕೈಗೆಟಕುತ್ತದೆಯೇ ಎಂದು ನೋಡಲು ಅಂತರರಾಷ್ಟ್ರೀಯ ವಿಧಾನ ಬಳಸುವ ಮಾನದಂಡ, ಅತಿ ಕಡಿಮೆ ಸಂಬಳದ ಸರ್ಕಾರಿ ನೌಕರರ ಎಷ್ಟು ದಿನದ ಸಂಬಳಕ್ಕೆ ಒಂದು ತಿಂಗಳ ಔಷಧ ಬರುತ್ತದೆ ಎಂಬುದು. ಹಲಗೇರಿಯ ಸುತ್ತಿನವರಿಗೆ ಆ ಮಾನದಂಡ ದೂರದ್ದು. ಉದ್ಯೋಗ ಖಾತರಿಯ ದಿನಗೂಲಿ (ಕರ್ನಾಟಕದಲ್ಲಿ 2025–26ಕ್ಕೆ 370 ರೂಪಾಯಿ) ಹೆಚ್ಚು ನಿಜವಾದ ಅಳತೆ. ಸರ್ಕಾರಿ ಔಷಧ ಉಚಿತವಾದರೂ ಅದಕ್ಕಾಗಿ ಕಳೆದ ಒಂದು ದಿನದ ಬೆಲೆ ಅಷ್ಟು.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ತುಮಕೂರು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಔಷಧಗಳ ಲಭ್ಯತೆಯ ಕುರಿತು ನಡೆಸಿದ ಸಂಶೋಧನೆ ಕೇಂದ್ರಗಳನ್ನೂ ಮನೆಗಳನ್ನೂ ಜೊತೆಯಾಗಿ ನೋಡಿದ ಕಾರಣಕ್ಕೆ ಇಲ್ಲಿ ಉಲ್ಲೇಖಾರ್ಹ. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಔಷಧ ಲಭ್ಯವಿರಬೇಕು, ಕೈಗೆಟಕಬೇಕು, ನಿರಂತರವಾಗಿರಬೇಕು ಎಂಬ ಮೂರೂ ಅಂಶ ಸೇರಿದ ಸೂಚಕವಿದೆ.

ಮಿತಿಗಳು ಮತ್ತು ಕಾರ್ಯಸಾಧ್ಯ ಮಾದರಿ

ಪ್ರಾಥಮಿಕ ಕೇಂದ್ರದ ಒಬ್ಬ ಫಾರ್ಮಸಿ ಅಧಿಕಾರಿ ಬೆಳಗ್ಗೆ ಔಷಧ ಕೊಡಬೇಕು, ಮಧ್ಯಾಹ್ನ ರಿಜಿಸ್ಟರ್ ಬರೆಯಬೇಕು, ಅದನ್ನೇ ಕಂಪ್ಯೂಟರಿಗೆ ಏರಿಸಬೇಕು, ಬೇರೆ ಬೇರೆ ಕಾರ್ಯಕ್ರಮಗಳಿಗೆ ಬೇರೆ ಬೇರೆ ನಮೂನೆ ತುಂಬಬೇಕು. ಹುದ್ದೆ ಖಾಲಿಯಿದ್ದರೆ ಆ ಕೆಲಸ ಶುಶ್ರೂಷಕರ ಹೆಗಲಿಗೆ ಬೀಳುತ್ತದೆ. ಕೈಪಿಡಿಗಳಲ್ಲಿರುವ ನಲವತ್ತು ಐವತ್ತು ಸೂಚಕಗಳನ್ನು ಇಲ್ಲಿ ಹೇರಿದರೆ ಬರುವುದು ಅಳತೆಯಲ್ಲ, ಅಂದಾಜಿನಲ್ಲಿ ತುಂಬಿದ ನಮೂನೆ.

ಇಂಥ ಕೇಂದ್ರಕ್ಕೆ ತಿಂಗಳಿಗೆ ಆರು ಅಂಕಿ ಸಾಕು: ಬುಟ್ಟಿಯ ಔಷಧಗಳಲ್ಲಿ ಪೂರ್ಣ ಚಿಕಿತ್ಸೆಗೆ ಸಾಲುವಷ್ಟು ಇರುವವು ಎಷ್ಟು, ಪ್ರತಿಯೊಂದೂ ಖಾಲಿ ಇದ್ದ ದಿನಗಳು, ಖಾಲಿ ದಿನಗಳನ್ನು ಬಿಟ್ಟು ಲೆಕ್ಕ ಹಾಕಿದ ಸರಾಸರಿ ಬಳಕೆ, ಇಂಡೆಂಟ್ ಹಾಕಿದ ದಿನ ಮತ್ತು ಸರಕು ಬಂದ ದಿನ, ಐದು ಔಷಧಗಳ ಕಪಾಟು–ರಿಜಿಸ್ಟರ್ ತಾಳೆ, ಹೊರಗಿನ ಚೀಟಿ ಪಡೆದ ರೋಗಿಗಳ ಪ್ರಮಾಣ. ಬೆಲೆ, ಗುಣಮಟ್ಟ, ಟೆಂಡರಿನ ಕಾಲ ಇವನ್ನು ನಿಗಮ ಮತ್ತು ಜಿಲ್ಲೆಯ ಮಟ್ಟದಲ್ಲಿ ಅಳೆಯಬೇಕು. ಹಳ್ಳಿಯ ಕೇಂದ್ರಕ್ಕೆ ಆ ಹೊರೆ ಬೇಡ.

ಈ ಅಂಕಿಗಳಿಂದ ಏನಾಗುತ್ತದೆ ಎಂಬುದು ಅವುಗಳಿಗೆ ಸಿಗುವ ಉತ್ತರದ ಮೇಲಿದೆ. ಶೂನ್ಯ ದಾಸ್ತಾನು ಬರೆದ ಕೇಂದ್ರಕ್ಕೆ ನೋಟಿಸ್ ಬಂದರೆ ಮುಂದಿನ ತಿಂಗಳು ಅಲ್ಲಿ ಯಾರೂ ಶೂನ್ಯ ಬರೆಯುವುದಿಲ್ಲ. ಕಪಾಟಿನಲ್ಲಿ ಹತ್ತು ಗುಳಿಗೆ ಕಾಯ್ದಿಟ್ಟು ‘ಲಭ್ಯ’ ಎನ್ನುತ್ತಾರೆ. ಅದೇ ಶೂನ್ಯಕ್ಕೆ ವಾರದೊಳಗೆ ಪಕ್ಕದ ಕೇಂದ್ರದ ಹೆಚ್ಚುವರಿ ಸರಕು ವರ್ಗವಾಗಿ ಬಂದರೆ ಸರಿಯಾದ ಲೆಕ್ಕ ಬರೆಯುವುದರಿಂದ ತಮಗೇ ಲಾಭವೆಂದು ಬರೆಯುವವರಿಗೆ ಗೊತ್ತಾಗುತ್ತದೆ, ಜಿಲ್ಲೆಗೆ ನಂಬಬಹುದಾದ ಅಂಕಿ ಸಿಗತೊಡಗುತ್ತದೆ.